ಟೇಲರ್ ಸಾಹೇಬನ ಮೂರು ಕಪಾಟು

ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ್ ನಿಜಾಮನ ನೌಕರಿಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್‌ನ ಪುಸ್ತಕಗಳನ್ನು ದೊಡ್ಡ ಗ್ರಂಥಾಲಯದಲ್ಲಿ ಹುಡುಕಲು ಹೊರಟರೆ ಮೂರು ಕಪಾಟು ಸುತ್ತಬೇಕು. ಕಾದಂಬರಿಗಳ ಸಾಲಿನಲ್ಲಿ ಆರು ಸಿಗುತ್ತವೆ. ಇತಿಹಾಸದ ಸಾಲಿನಲ್ಲಿ 1870ರ ಒಂದು ದಪ್ಪ ಕೈಪಿಡಿಯೂ ಎರಡು ಸಂಪುಟದ ಆತ್ಮಕಥೆಯೂ ಇರುತ್ತವೆ. ಪುರಾತತ್ತ್ವದ ಕಡೆ ಏಷಿಯಾಟಿಕ್ ಸೊಸೈಟಿಯ ಧೂಳು ಹಿಡಿದ ಸಂಪುಟಗಳ ನಡುವೆ ಗೋರಿಕಲ್ಲುಗಳ ಮೇಲಿನ ಲೇಖನಗಳು. ಮೂರನ್ನೂ ಬರೆದದ್ದು ಒಂದೇ ಕೈ. ಆದರೆ ಕಾದಂಬರಿ ಓದುವವರು ಲೇಖನ ಮುಟ್ಟುವುದಿಲ್ಲ, ಲೇಖನ ಓದುವವರಿಗೆ ಕಾದಂಬರಿಯ ಗೊಡವೆ ಬೇಡ. ಹಾಗಾಗಿ ಈ ಮನುಷ್ಯ ಎಲ್ಲಿ ನಂಬಿಕೆಗೆ ಅರ್ಹ, ಎಲ್ಲಿ ಅಲ್ಲ ಎಂಬುದು ಗೊಂದಲವಾಗಿಯೇ ಉಳಿದಿದೆ. ಸುರಪುರದ ಇತಿಹಾಸ ಬರೆಯುವವರಿಗಂತೂ ಇದು ದಿನನಿತ್ಯದ ತಲೆನೋವು. 1841ರಿಂದ 1858ರವರೆಗಿನ ಅಲ್ಲಿನ ಕಥೆಯ ಬಹುಭಾಗ ನಮಗೆ ಸಿಗುವುದು ಇವನ ಬಾಯಿಂದಲೇ.

ನಾನು ಹಿಡಿದಿರುವ ಅಳತೆಗೋಲು ಸರಳ. ಟೇಲರ್ ಕಂಡದ್ದನ್ನು, ಕೇಳಿದ್ದನ್ನು ದಾಖಲಿಸುವಾಗ ಅವನ ಕಾಲದ ಬಹಳ ಜನರಿಗಿಂತ ಗಟ್ಟಿ. ಅದು ಯಾಕೆ ಹಾಗಾಯಿತು ಎಂದು ವಿವರಿಸಲು ಹೊರಟ ಕೂಡಲೇ ಜಾರುತ್ತಾನೆ. ಮೂರೂ ಕಪಾಟಿಗೆ ಈ ಒಂದೇ ಕೋಲು ಸಾಕಾಗುತ್ತದೆ.

ಯಾರು, ಎಲ್ಲಿಂದ

ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲಿನಲ್ಲಿ. ಮುಂಬೈನ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಿ, ಮುಂದೆ ಪಾಲುದಾರನಾಗುವ ಆಸೆಯಿಂದ, ಹದಿನೈದರ ವಯಸ್ಸಿನಲ್ಲಿ ಹಡಗು ಹತ್ತಿದ. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಹಂತದಲ್ಲಿತ್ತು. 1824ರಲ್ಲಿ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಇದನ್ನು ಗಮನದಲ್ಲಿಡಬೇಕು: ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕರನಲ್ಲ. ಕಂಪನಿಯ ಸಿವಿಲ್ ಅಧಿಕಾರಿಗಳಿಗಿದ್ದ ಸಂಬಳ, ಬಡ್ತಿ, ಪಿಂಚಣಿಯ ಏಣಿ ಅವನಿಗಿರಲಿಲ್ಲ. ಅದರ ಬದಲು ಸಿಕ್ಕಿದ್ದು ಭಾಷೆ. ಉರ್ದು, ಫಾರ್ಸಿ, ಮರಾಠಿ ಕಲಿತು ಜನರ ನಡುವೆ ಮಧ್ಯಸ್ಥನಿಲ್ಲದೆ ಮಾತಾಡಬಲ್ಲವನಾದ. ಹೈದರಾಬಾದಿನ ಬ್ಯಾಂಕರ್ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು ಮದುವೆಯಾದ. ಪಾಮರ್‌ನ ತಾಯಿ ಫೈಜ್ ಬಕ್ಷ್ ಬೇಗಂ, ತಂದೆ ಇಂಗ್ಲಿಷ್ ಜನರಲ್. ಅಂದರೆ ಟೇಲರ್‌ನ ಮನೆಯೇ ಅರ್ಧ ಹಿಂದೂಸ್ತಾನಿ. ಮೇರಿ 1844ರಲ್ಲಿ ತೀರಿಕೊಂಡಳು, ಅವನು ಮತ್ತೆ ಮದುವೆಯಾಗಲಿಲ್ಲ.

ಹೇಳಿಕೆಯಿಂದ ಹುಟ್ಟಿದ ಕಾದಂಬರಿ

1839ರಲ್ಲಿ ರಿಚರ್ಡ್ ಬೆಂಟ್ಲಿ ಪ್ರಕಟಿಸಿದ ‘ಕನ್ಫೆಷನ್ಸ್ ಆಫ್ ಎ ಥಗ್’ (ದಾರಿಹೋಕರ ಕುತ್ತಿಗೆ ಬಿಗಿದು ದೋಚುವ ಠಗ್ಗನೊಬ್ಬನ ತಪ್ಪೊಪ್ಪಿಗೆ) ಟೇಲರ್‌ಗೆ ಹೆಸರು ತಂದ ಪುಸ್ತಕ. ಅಚ್ಚಿನ ಕರಡು ಹಾಳೆಗಳು ಸಿದ್ಧವಾದ ಹಾಗೆಲ್ಲ ವಿಕ್ಟೋರಿಯಾ ರಾಣಿ ತರಿಸಿಕೊಂಡು ಓದಿದಳೆಂದು ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಇಂಗ್ಲಿಷಿನಲ್ಲಿ ‘ಥಗ್’ ಎಂಬ ಪದ ಮನೆಮಾತಾಗಲು ಈ ಪುಸ್ತಕದ ಕೊಡುಗೆ ದೊಡ್ಡದು. (ನಮ್ಮ ‘ಠಕ್ಕ’ ಅದರ ದಾಯಾದಿ ಪದವೇ. ಆದರೆ ಕನ್ನಡದ ಠಕ್ಕ ಮೋಸಗಾರ ಮಾತ್ರ, ಕುತ್ತಿಗೆ ಬಿಗಿಯುವವನಲ್ಲ.)

ಇದರ ಕಟ್ಟಡವನ್ನು ನೋಡಬೇಕು. ಜೈಲಿನಲ್ಲಿರುವ ಅಮೀರ್ ಅಲಿ ಎಂಬ ಮಾಫಿ ಸಾಕ್ಷಿ ಒಬ್ಬ ಸಾಹೇಬನ ಮುಂದೆ ಕೂತು ತಾನು ಪಾಲುಗೊಂಡ 719 ಕೊಲೆಗಳ ಬದುಕನ್ನು ಹೇಳುತ್ತಾ ಹೋಗುತ್ತಾನೆ. ಸಾಹೇಬ ಹೆಚ್ಚುಕಡಿಮೆ ಬಾಯಿಬಿಡುವುದಿಲ್ಲ. ಇದು ಕಾದಂಬರಿಕಾರ ಕುಳಿತು ಹೊಸೆದ ತಂತ್ರ ಅನ್ನುವುದಕ್ಕಿಂತ ಕಚೇರಿಯ ರೂಢಿ ಅನ್ನುವುದು ಸರಿ. 1830ರ ದಶಕದ ಆರಂಭದಲ್ಲಿ ಠಗ್ಗರ ಹೇಳಿಕೆ ಬರೆದುಕೊಳ್ಳುವ ಕೆಲಸ ಟೇಲರ್‌ನ ಪಾಲಿಗೂ ಬಂದಿತ್ತು. ಆರೋಪಿ ಹೇಳಬೇಕು, ಅಧಿಕಾರಿ ಬರೆದುಕೊಳ್ಳಬೇಕು, ನಡುವೆ ಒಂದೆರಡು ಪ್ರಶ್ನೆ. ಪುಸ್ತಕದ ಉಸಿರಾಟ ಅದೇ. ಓದುಗ ಅರ್ಧ ದಾರಿ ಬರುವ ಹೊತ್ತಿಗೆ ತಾನೇ ಆ ಕುರ್ಚಿಯಲ್ಲಿ ಕೂತಿರುತ್ತಾನೆ, ಅಸಹ್ಯಪಡುತ್ತಲೇ ಮುಂದೇನಾಯಿತು ಎಂದು ಕೇಳುತ್ತಾನೆ.

ವಿವರಗಳ ನಿಖರತೆ ಎಂಥದ್ದು ಎಂಬುದಕ್ಕೆ ರೂಮಾಲಿನ ಪಾಠ ಸಾಕು. ಗುರು ಹುಡುಗನಿಗೆ ತೋರಿಸುತ್ತಾನೆ: ಬಟ್ಟೆಯ ಒಂದು ತುದಿಗೆ ದೊಡ್ಡ ಗಂಟು, ಆ ಗಂಟಿನೊಳಗೆ ಒಂದು ಬೆಳ್ಳಿಯ ತುಂಡು. ಗಂಟಿನ ತುದಿ ಎಡಗೈಯಲ್ಲಿ, ಬರಿಯ ತುದಿ ಬಲಗೈಯಲ್ಲಿ. ಗಂಟು ಯಾಕೆ? ಬಿಗಿದು ಎಳೆಯುವಾಗ ಬಟ್ಟೆ ಕೈಯಿಂದ ನುಣುಚಬಾರದು. ಗುಂಪಿನೊಳಗೆ ಕೆಲಸದ ಹಂಚಿಕೆಯೂ ಅಷ್ಟೇ ಖಚಿತ. ದಾರಿಹೋಕರ ಸ್ನೇಹ ಗಳಿಸಿ ಕರೆತರುವವನು ಸೋಥಾ, ಕೈಕಾಲು ಹಿಡಿಯುವವನು ಶಮ್ಸಿಯಾ, ಕುತ್ತಿಗೆ ಬಿಗಿಯುವವನು ಭುರ್ತೋಟ್, ಗುಂಡಿ ತೋಡುವವನು ಲುಘಾಯಿ. ಕೊಲೆಯ ಸನ್ನೆಗೆ ‘ಝಿರ್ನಿ’ ಎಂದು ಹೆಸರು. ‘ತಂಬಾಕು ಲಾವೋ’ ಎಂಬ ನಿರುಪದ್ರವಿ ಮಾತು ಕಿವಿಗೆ ಬಿದ್ದ ಕ್ಷಣದಲ್ಲಿ ಎಲ್ಲ ಮುಗಿದಿರುತ್ತದೆ. ಆಮೇಲೆ ಬೆಲ್ಲದ ಪ್ರಸಾದ. ಗುಂಡಿ ಮೊದಲೇ ತಯಾರಿರುವುದರಿಂದ ಹೆಣ ಸಿಗುವುದಿಲ್ಲ. ಹೆಣ ಸಿಗದಿದ್ದರೆ ದೂರು ಇಲ್ಲ, ದೂರು ಇಲ್ಲದಿದ್ದರೆ ತನಿಖೆಯೂ ಇಲ್ಲ. ಸಂಸ್ಥಾನದಿಂದ ಸಂಸ್ಥಾನಕ್ಕೆ ದಾಟಿದರೆ ಪೊಲೀಸನೂ ಬದಲು. ಈ ದಂಧೆ ನಡೆದದ್ದು ಹೇಗೆ ಎಂಬುದನ್ನು ಸರ್ಕಾರಿ ವರದಿಗಳಿಗಿಂತ ಕಾದಂಬರಿಯೇ ಚೆನ್ನಾಗಿ ತಿಳಿಸುತ್ತದೆ.

ಜಾರುವುದು ಎಲ್ಲಿ? ಕಾಳಿಯ ಭಕ್ತಿಯೇ ಇದಕ್ಕೆಲ್ಲ ಮೂಲ, ಇದೊಂದು ಧರ್ಮ, ದೇಶವ್ಯಾಪಿ ರಹಸ್ಯ ಸಂಘ ಎಂಬ ವಿವರಣೆಯಲ್ಲಿ. ಆ ಕಾಲದ ಠಗ್ ನಿಗ್ರಹದ ಮುಖ್ಯಸ್ಥ ವಿಲಿಯಂ ಸ್ಲೀಮನ್‌ನದೂ ಇದೇ ವಾದ. ಆದರೆ ಆಧಾರವೆಲ್ಲ ಮಾಫಿ ಸಾಕ್ಷಿಗಳ ಮಾತು. ನೇಣು ತಪ್ಪಬೇಕಾದರೆ ಸಾಹೇಬನಿಗೆ ಬೇಕಾದ ಕಥೆ ಹೇಳಬೇಕು, ಹೊಸ ಹೊಸ ಹೆಸರು ಕೊಡಬೇಕು. ಇಂಥ ಹೇಳಿಕೆಯಲ್ಲಿ ‘ಹೇಗೆ’ ಎಂಬುದು ಬಹುಮಟ್ಟಿಗೆ ನಿಜವಿರಬಹುದು, ‘ಯಾಕೆ’ ಎಂಬುದು ಪ್ರಶ್ನೆ ಕೇಳುವವನ ತಲೆಯೊಳಗಿನದು. ಇತ್ತೀಚಿನ ಇತಿಹಾಸಕಾರರು ಎತ್ತುವ ತಕರಾರು ಇದೇ. ಇನ್ನೊಂದು ಸಾಮಾನ್ಯ ತಪ್ಪು: ಅಮೀರ್ ಅಲಿ ಎಂಬ ವ್ಯಕ್ತಿಯೊಬ್ಬ ನಿಜಕ್ಕೂ ಇದ್ದ ಎಂಬ ಕಾರಣಕ್ಕೆ ಪುಸ್ತಕವನ್ನೇ ಅವನ ಹೇಳಿಕೆಯ ನಕಲು ಎಂದು ಉದ್ಧರಿಸುವುದು. ಅದು ನಕಲಲ್ಲ. ಹಲವರ ಬಾಯಿಂದ ಬಂದದ್ದನ್ನು ಒಬ್ಬನ ಬಾಯಿಗೆ ಹಾಕಿದ್ದು.

ಮೂರು ಸಂಪುಟದ ಕಟ್ಟು

ವಿಕ್ಟೋರಿಯಾ ಕಾಲದ ಕಾದಂಬರಿಗಳು ಯಾಕಷ್ಟು ಉದ್ದ ಎಂಬುದಕ್ಕೆ ಸಾಹಿತ್ಯದ ಕಾರಣಕ್ಕಿಂತ ಅಂಗಡಿಯ ಕಾರಣ ಹೆಚ್ಚು. ಹೊಸ ಕಾದಂಬರಿ ಮೂರು ಸಂಪುಟದಲ್ಲಿ ಬರುತ್ತಿತ್ತು, ಬೆಲೆ 31 ಷಿಲಿಂಗ್ 6 ಪೆನ್ಸ್. ಸಾಮಾನ್ಯ ಓದುಗ ಕೊಳ್ಳುವ ಬೆಲೆಯಲ್ಲ ಅದು. ಮೂಡಿ ಎಂಬವನ ಬಾಡಿಗೆ ಗ್ರಂಥಾಲಯಕ್ಕೆ ವರ್ಷಕ್ಕೆ ಒಂದು ಗಿನಿ, ಅಂದರೆ 21 ಷಿಲಿಂಗ್ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಸಿಗುತ್ತಿತ್ತು. ಒಂದೇ ಕಾದಂಬರಿ ಮೂರು ಸಂಪುಟವಿದ್ದರೆ ಏಕಕಾಲಕ್ಕೆ ಮೂವರು ಚಂದಾದಾರರ ಕೈಗೆ. ಹಾಗಾಗಿ ಪ್ರಕಾಶಕನಿಗೂ ಗ್ರಂಥಾಲಯಕ್ಕೂ ಮೂರೇ ಬೇಕು, ಲೇಖಕ ಎಳೆಯಲೇಬೇಕು. ಅಮೀರ್ ಅಲಿಯ ಕಥೆಗೆ ಈ ಉದ್ದ ಹೊಂದಿಕೊಂಡಿತು, ಅದು ಪಯಣದ ಮೇಲೆ ಪಯಣ ತಾನೇ. 1863ರ ‘ತಾರಾ’ದಲ್ಲಿ ಎಳೆತ ಎದ್ದು ಕಾಣುತ್ತದೆ.

‘ತಾರಾ’, ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಒಂದು ಸರಣಿ. 1657ರಲ್ಲಿ ಶಿವಾಜಿಯ ಏಳಿಗೆ, 1757ರಲ್ಲಿ ಪ್ಲಾಸಿ ಕದನ, 1857ರಲ್ಲಿ ದಂಗೆ. ನೂರು ನೂರು ವರ್ಷದ ಅಂತರ ಟೇಲರ್‌ನನ್ನು ಮೋಡಿ ಮಾಡಿತ್ತು. ಮೋಡಿಗೆ ಸಿಕ್ಕವನು ತಾರೀಖು ಎಳೆಯುತ್ತಾನೆ: ‘ತಾರಾ’ದ ಕೇಂದ್ರದಲ್ಲಿರುವ ಅಫ್ಜಲ್ ಖಾನನ ಕೊಲೆ ಪ್ರತಾಪಗಡದ ಬುಡದಲ್ಲಿ ನಡೆದದ್ದು 1659ರ ನವೆಂಬರ್‌ನಲ್ಲಿ. ಮಾದರಿ ಚೆಂದವಾಗಲೆಂದು ಎರಡು ವರ್ಷ ನುಂಗಿದ ಹಾಗಾಯಿತು.

ಆದರೂ ‘ಸೀತಾ’ ಗಮನಿಸಬೇಕಾದ ಪುಸ್ತಕ. ದಂಗೆ ಮುಗಿದು ಹದಿನೈದು ವರ್ಷವೂ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ಭಾರತೀಯರೆಂದರೆ ಕೆರಳುವ ಹೊತ್ತು. ಅಂಥದ್ದರಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಹಿಂದೂ ವಿಧವೆಯನ್ನು ಮದುವೆಯಾಗುವ ಕಥೆ ಬರೆದ. ಕೊನೆಗೆ ಸೀತೆಯನ್ನು ಸಾಯಿಸುತ್ತಾನೆ, ಆ ಸಂಸಾರ ಮುಂದುವರಿಯಲು ಬಿಡುವ ಧೈರ್ಯ ಅವನಿಗೂ ಬರಲಿಲ್ಲ. ಮೇರಿ ಪಾಮರ್‌ಳನ್ನು ನೆನೆಯದೆ ಇದನ್ನು ಓದಲಾಗದು.

ಸುರಪುರ: ಸಾಕ್ಷಿಯೂ ಅವನೇ, ಪಾತ್ರಧಾರಿಯೂ ಅವನೇ

ಕೃಷ್ಣೆ-ಭೀಮೆಯರ ನಡುವಿನ ಸುರಪುರ ಬೇಡ ನಾಯಕರ ಸಂಸ್ಥಾನ. 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ವಾಗಿಣಗೇರಾ ಕೋಟೆಗೆ ಮುತ್ತಿಗೆ ಹಾಕಿದ್ದು ಇದೇ ಮನೆತನದ ಪಿಡ್ಡ ನಾಯಕನ ಮೇಲೆ. ಆ ಬಾದಶಹನ ಕೊನೆಯ ದೊಡ್ಡ ದಂಡಯಾತ್ರೆ ಅದು. 1841ರಲ್ಲಿ ಇಲ್ಲಿನ ವಾರಸುದಾರಿಕೆಯ ಜಗಳ, ನಿಜಾಮನಿಗೆ ಕಟ್ಟಬೇಕಾದ ಪೇಷ್ಕಷ್ (ಕಪ್ಪ) ಬಾಕಿ, ರಾಣಿ ಈಶ್ವರಮ್ಮನ ಆಡಳಿತದ ತಕರಾರು ಬಗೆಹರಿಸಲು ಟೇಲರ್‌ನನ್ನು ಕಳಿಸಿದರು. ರಾಜಾ ವೆಂಕಟಪ್ಪ ನಾಯಕ ಆಗ ಏಳೆಂಟು ವರ್ಷದ ಹುಡುಗ. 1853ರವರೆಗೆ, ಅಂದರೆ ಹುಡುಗ ವಯಸ್ಸಿಗೆ ಬಂದು ಆಡಳಿತ ವಹಿಸಿಕೊಳ್ಳುವವರೆಗೆ, ಟೇಲರ್ ಅಲ್ಲೇ ಇದ್ದ. ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಆ ದಿನಗಳದ್ದು. ಬೋನಾಳದ ಕೆರೆಯನ್ನು ದೊಡ್ಡದು ಮಾಡಿಸಿದ್ದೂ ಆಗಲೇ, ಇಂದು ಅದು ಪಕ್ಷಿಧಾಮ. ಇದೇ ವರ್ಷಗಳಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ವರದಿಗಳನ್ನೂ ಬರೆಯುತ್ತಿದ್ದ.

ಅಲ್ಲಿಂದ ನಳದುರ್ಗಕ್ಕೆ, 1857ರಲ್ಲಿ ಬುಲ್ಡಾಣಕ್ಕೆ ವರ್ಗ. ಹೀಗಾಗಿ ಸುರಪುರ ಸಿಡಿದಾಗ ಅವನು ಊರಲ್ಲಿರಲಿಲ್ಲ. ಈ ಸಂಗತಿಯನ್ನು ಅವನನ್ನು ಉದ್ಧರಿಸುವವರು ಮರೆಯುತ್ತಾರೆ. 1858ರ ಫೆಬ್ರವರಿ 7ರ ರಾತ್ರಿ ಲಿಂಗಸೂಗೂರಿನಿಂದ ಬಂದ ಕ್ಯಾಪ್ಟನ್ ವಿಂಡಮ್‌ನ ತುಕಡಿಯ ಮೇಲೆ ದಾಳಿ, ಮರುದಿನ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿಯ ಸಾವು, ರಾಜ ಹೈದರಾಬಾದಿಗೆ ಹೋದದ್ದು, ಸೆರೆಸಿಕ್ಕಿದ್ದು ಎಲ್ಲ ಅವನು ಕೇಳಿ ತಿಳಿದದ್ದು. ಕಣ್ಣಾರೆ ಕಂಡದ್ದು ಸೆರೆಮನೆಯ ಭೇಟಿ. ಅಲ್ಲಿ ಅವನ ಬರವಣಿಗೆ ಗಟ್ಟಿಯಾಗಿ ನಿಲ್ಲುತ್ತದೆ: ರಾಜ ಬೇರೆಯವರ ಹೆಸರು ಹೇಳಲು ಒಪ್ಪಲಿಲ್ಲ. ಕಳ್ಳನ ಹಾಗೆ ನೇಣು ಹಾಕಬೇಡಿ ಎಂದಷ್ಟೇ ಕೇಳಿಕೊಂಡ. ತಾನು ಬೆಳೆಸಿದ ಹುಡುಗ ತನ್ನ ಸರ್ಕಾರಕ್ಕೇ ತಿರುಗಿಬಿದ್ದ ಎಂಬುದನ್ನು ಅರಗಿಸಿಕೊಳ್ಳಲಾಗದೆ ಟೇಲರ್ ಮುಂದಿನ ಪುಟಗಳಲ್ಲಿ ಕಾರಣ ಹುಡುಕುತ್ತಾನೆ: ಕೆಟ್ಟ ಸಲಹೆಗಾರರು, ಹೊರಗಿನ ದೂತರು, ದುರಭ್ಯಾಸ. ರಾಜನಿಗೆ ತನ್ನದೇ ಕಾರಣ ಇದ್ದಿರಬಹುದು ಎಂಬುದು ಮಾತ್ರ ಆ ಪಟ್ಟಿಯಲ್ಲಿಲ್ಲ.

ಮರಣದಂಡನೆ ಮೊದಲು ಗಡಿಪಾರಿಗೆ, ಗವರ್ನರ್ ಜನರಲ್‌ನಿಂದ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಯಿತು. ಚೆಂಗಲ್ಪಟ್ಟು ಕೋಟೆಗೆ ಕರೆದೊಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆಯುತ್ತಾನೆ, ಆದರೆ ಅದೂ ಅವನಿಗೆ ತಲುಪಿದ ಸುದ್ದಿ ಮಾತ್ರ. ಈ ಸಾವಿನ ಬಗ್ಗೆ ಟೇಲರ್‌ನನ್ನು ‘ಪ್ರತ್ಯಕ್ಷದರ್ಶಿ’ ಎಂದು ಕರೆಯುವ ಬರಹ ಕಂಡರೆ ಅಲ್ಲಿಗೇ ಪುಟ ಮುಚ್ಚಬಹುದು.

ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜನಿಗೆ ಸಾವು ಎಂದು ಜಾತಕದಲ್ಲಿತ್ತು, ಶಾಸ್ತ್ರಿಗಳು ವರ್ಷಗಳ ಹಿಂದೆಯೇ ತನಗೆ ಹೇಳಿದ್ದರು ಎಂಬ ಪ್ರಸಿದ್ಧ ಪ್ರಸಂಗವೂ ಆತ್ಮಕಥೆಯದೇ. ಓದಲು ರೋಮಾಂಚನ. ಆದರೆ ಆತ್ಮಕಥೆ ಬರೆದದ್ದು ಬದುಕಿನ ಕೊನೆಗೆ, ಘಟನೆ ನಡೆದು ಹದಿನೈದು ವರ್ಷಕ್ಕೂ ಹೆಚ್ಚು ಕಾಲದ ಮೇಲೆ, ಫಲಿತಾಂಶ ಗೊತ್ತಿದ್ದ ಕೈಯಿಂದ, ಐದು ಕಾದಂಬರಿ ಬರೆದು ಪಳಗಿದ ಕೈಯಿಂದ. ನಿಜವೋ ಸುಳ್ಳೋ ಎಂದು ವಾದಿಸುವುದು ವ್ಯರ್ಥ. ಆ ಭಾಗದ ಓಟ ಕಾದಂಬರಿಯ ಓಟ ಎಂಬುದನ್ನು ಗುರುತಿಸಿದರಾಯಿತು.

ಗೋರಿಕಲ್ಲಿನ ಅಡ್ಡಕೊಯ್ತ

ಮೂರನೆಯ ಕಪಾಟನ್ನು ಜನ ಕಡಿಮೆ ಮುಟ್ಟುತ್ತಾರೆ, ನನ್ನ ಮಟ್ಟಿಗೆ ಟೇಲರ್ ಅತಿ ದೊಡ್ಡವನಾಗಿ ಕಾಣುವುದು ಅಲ್ಲೇ. ಸುರಪುರದಲ್ಲಿದ್ದಾಗ ರಾಜನಕೋಳೂರು, ಹಗರಟಗಿ, ವಿಭೂತಿಹಳ್ಳಿ, ಜೇವರ್ಗಿಗಳ ಬೃಹತ್ ಶಿಲಾ ಗೋರಿಗಳನ್ನು ಅವನು ಅಳೆದ, ಕೆಲವನ್ನು ಅಗೆಸಿದ. ರಾಜನಕೋಳೂರಿನ ಕಲ್ಲುಮನೆಗಳನ್ನು ಊರವರು ಮೋರ್ಯರ ಮನೆ ಎನ್ನುತ್ತಿದ್ದರು, ಗಿಡ್ಡ ಜನ ವಾಸವಿದ್ದ ಮನೆಗಳಂತೆ. ಆ ಮಾತನ್ನೂ ಬರೆದುಕೊಂಡ.

ಆಗ ಅಗೆಯುವುದೆಂದರೆ ಮೇಲಿನಿಂದ ಗುಂಡಿ ತೋಡಿ ಮಡಕೆ, ಕಬ್ಬಿಣ ಸಿಕ್ಕರೆ ಎತ್ತಿಕೊಳ್ಳುವುದು. ಹಾಗೆ ಮಾಡಿದರೆ ವಸ್ತು ಕೈಗೆ ಬರುತ್ತದೆ, ಅದು ಯಾವ ಪದರದಲ್ಲಿ ಯಾವುದರ ಪಕ್ಕ ಇತ್ತು ಎಂಬುದು ಶಾಶ್ವತವಾಗಿ ಹೋಗುತ್ತದೆ. ಜೇವರ್ಗಿಯಲ್ಲಿ ಟೇಲರ್ ಗೋರಿದಿಬ್ಬದ ಅಡ್ಡಕೊಯ್ತವನ್ನೇ ಚಿತ್ರವಾಗಿ ಬರೆದ. ಕಲ್ಲಂಗಡಿ ಸೀಳಿ ಇಟ್ಟರೆ ಸಿಪ್ಪೆ, ತಿರುಳು, ಬೀಜ ಒಂದೇ ನೋಟಕ್ಕೆ ಕಾಣುವಂತೆ ಇದು: ಮೇಲಿನ ಕಲ್ಲುರಾಶಿ, ಅದರ ಕೆಳಗಿನ ಮಣ್ಣಿನ ಪದರಗಳು, ಬಂಡೆಗಳಿಂದ ಕಟ್ಟಿದ ಪೆಟ್ಟಿಗೆಯಂಥ ಕೋಣೆ, ಅಸ್ಥಿಪಂಜರಗಳು ಬಿದ್ದಿದ್ದ ಭಂಗಿ, ಮಡಕೆಗಳ ಜಾಗ. ನೂರು ವರ್ಷದ ನಂತರ, 1954ರಲ್ಲಿ, ಉತ್ಖನನ ವಿಧಾನದ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಈ ಚಿತ್ರವನ್ನು ಮತ್ತೆ ಅಚ್ಚು ಹಾಕಿ ಮೆಚ್ಚಿಕೊಂಡ. ವೀಲರ್ ಸುಲಭಕ್ಕೆ ಮೆಚ್ಚುವ ಆಸಾಮಿಯಲ್ಲ.

ಅದೇ ಲೇಖನಗಳಲ್ಲಿ ಅದೇ ಟೇಲರ್ ಈ ಗೋರಿಗಳನ್ನು ಮಧ್ಯ ಏಷ್ಯಾದ ಅಲೆಮಾರಿ ಸಿಥಿಯನ್ನರದು, ಬ್ರಿಟನ್ನಿನ ಪ್ರಾಚೀನ ಪುರೋಹಿತರಾದ ಡ್ರೂಯಿಡರದು ಎಂದು ವಾದಿಸುತ್ತಾನೆ. ರುಂಡ ಮುಂಡ ಬೇರೆಯಾಗಿ ಸಿಕ್ಕ ಅಸ್ಥಿಗಳನ್ನು ಕಂಡು ನರಬಲಿ ಎನ್ನುತ್ತಾನೆ. ಬ್ರಿಟನ್ನಿನ ಕಲ್ಲುಗೋರಿಗಳಿಗೂ ದಖ್ಖನ್ನಿನವಕ್ಕೂ ಹೋಲಿಕೆ ಇದೆ, ಹಾಗಾಗಿ ಕಟ್ಟಿದವರೂ ಒಂದೇ ಕುಲ ಎಂಬ ತರ್ಕ ಅದು. ಚಪ್ಪಡಿ ಕಲ್ಲು ಸಿಗುವ ಕಡೆ ಯಾರು ಗೋರಿ ಕಟ್ಟಿದರೂ ನಾಲ್ಕು ಕಲ್ಲು ನಿಲ್ಲಿಸಿ ಮೇಲೊಂದು ಹೊದಿಸುತ್ತಾರೆ, ಅದಕ್ಕೆ ನೆಂಟಸ್ತನ ಬೇಕಿಲ್ಲ. ಇಂದು ಇವು ಇಲ್ಲಿಯದೇ ಕಬ್ಬಿಣಯುಗದ ಜನರವು ಎಂದು ಪುರಾತತ್ತ್ವಜ್ಞರು ನೋಡುತ್ತಾರೆ. ವಾದ ಬಿತ್ತು, ಚಿತ್ರ ನಿಂತಿತು.

1866ರಲ್ಲಿ ಜಾನ್ ಮರ್ರೆ ತಂದ ಎರಡು ದೊಡ್ಡ ಛಾಯಾಚಿತ್ರ ಸಂಪುಟಗಳಿಗೆ, ಒಂದು ಬಿಜಾಪುರದ ಕಟ್ಟಡಗಳು, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳು, ಇತಿಹಾಸದ ಭಾಗ ಬರೆದವನೂ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್‌ನದು. ಹಳೇಬೀಡಿನ ಗೋಡೆಗಳನ್ನು ಆ ಕಾಲದ ಸ್ಥಿತಿಯಲ್ಲಿ ನೋಡಬೇಕಾದರೆ ಎರಡನೆಯ ಸಂಪುಟ ತೆಗೆಯಬೇಕು. 1870ರ ಭಾರತ ಇತಿಹಾಸದ ಕೈಪಿಡಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪರೀಕ್ಷೆಗೆ ಓದುವ ಹುಡುಗರಿಗಾಗಿ ಇತರರ ಪುಸ್ತಕಗಳಿಂದ ಕಟ್ಟಿದ್ದು, ದಖ್ಖನ್ನಿನ ಅಧ್ಯಾಯಗಳಲ್ಲಿ ಮಾತ್ರ ಜೀವವಿದೆ.

ಓದಲು ಕೂರುವವರಿಗೆ

ಮೊದಲ ತೊಡಕು ಕಾಗುಣಿತ. ಇಂಗ್ಲಿಷಿನ ‘ಯು’ ಅಕ್ಷರ ಕಂಡಲ್ಲಿ ಬಹುತೇಕ ಅ-ಕಾರ, ಎರಡು ‘ಓ’ ಕಂಡಲ್ಲಿ ಉ ಅಥವಾ ಊ, ಎರಡು ‘ಇ’ ಕಂಡಲ್ಲಿ ಇ ಅಥವಾ ಈ ಎಂದು ಓದಿಕೊಂಡರೆ ಮುಕ್ಕಾಲು ಹೆಸರುಗಳು ಬಿಚ್ಚಿಕೊಳ್ಳುತ್ತವೆ. ಜುಲ್‌ದ್ರೂಗ್ ಅಂದರೆ ಜಲದುರ್ಗ, ಮೂಡ್ಗುಲ್ ಮುದಗಲ್, ನುಲ್‌ದ್ರೂಗ್ ನಳದುರ್ಗ. ಸುರಪುರ ಅವನಿಗೆ ಶೋರಾಪೂರ್, ಬೇಡರು ಬೆಯ್ಡುರ್. ಸ್ಕ್ಯಾನ್ ಪ್ರತಿಗಳಲ್ಲಿ ಇಂದಿನ ಕಾಗುಣಿತ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ, ಅವನ ಕಾಗುಣಿತವನ್ನೇ ಹಾಕಬೇಕು.

ಎರಡನೆಯದು ಆವೃತ್ತಿ. ಮೂರು ಸಂಪುಟದ ಮುದ್ರಣದಲ್ಲಿ ಸಾಮಾನ್ಯವಾಗಿ ಪ್ರತಿ ಸಂಪುಟಕ್ಕೂ ಅಧ್ಯಾಯ ಒಂದರಿಂದ ಶುರು. ಆಮೇಲಿನ ಅಗ್ಗದ ಒಂದು ಸಂಪುಟದ ಮುದ್ರಣದಲ್ಲಿ ಸಂಖ್ಯೆ ಒಂದೇ ಓಟ. ಬರೀ ‘ಅಧ್ಯಾಯ 12’ ಎಂದು ಬರೆದರೆ ಓದುಗ ಬೇರೆಲ್ಲೋ ಹೋಗಿ ನಿಲ್ಲುತ್ತಾನೆ. ಸಂಪುಟ, ವರ್ಷ ಎರಡನ್ನೂ ಕೊಡಬೇಕು. ಇನ್ನೊಂದು ಎಚ್ಚರ: ಅವನ ತಂದೆಯ ಹೆಸರೂ ಫಿಲಿಪ್ ಮೆಡೋಸ್ ಟೇಲರೇ, ಗ್ರಂಥಸೂಚಿ ನೋಡುವಾಗ ಜನ್ಮವರ್ಷ ಹೊಂದಿಸಿ ನೋಡುವುದು ಒಳ್ಳೆಯದು.

ಆತ್ಮಕಥೆಯನ್ನು ಕೊನೆಗಿಟ್ಟುಕೊಳ್ಳುವುದು ವಾಸಿ. 1860ರಲ್ಲಿ ಭಾರತ ಬಿಟ್ಟ ಟೇಲರ್ ಡಬ್ಲಿನ್ ಬಳಿಯ ಹೆರಾಲ್ಡ್ಸ್ ಕ್ರಾಸ್‌ನಲ್ಲಿ ನೆಲೆಸಿದ. 1875ರಲ್ಲಿ ನಿಜಾಮನ ದಿವಾನ ಸಾಲಾರ್ ಜಂಗನ ಆಹ್ವಾನದ ಮೇಲೆ ಹೈದರಾಬಾದಿಗೆ ಇನ್ನೊಮ್ಮೆ ಬಂದು ಕಾಯಿಲೆ ಬಿದ್ದು, ಮರಳುವ ದಾರಿಯಲ್ಲಿ 1876ರ ಮೇ 13ರಂದು ಫ್ರಾನ್ಸಿನ ಮೆಂಟೋನ್‌ನಲ್ಲಿ ತೀರಿಕೊಂಡ. ಆತ್ಮಕಥೆಯನ್ನು ಮರುವರ್ಷ ಹೊರತಂದವಳು ಮಗಳು. ತಂದೆಯ ಹೆಸರಿಗೆ ಮಸಿ ಬೀಳುವ ಯಾವುದನ್ನೂ ಅಲ್ಲಿ ನಿರೀಕ್ಷಿಸಬೇಡಿ.

ಕಾದಂಬರಿಗಳಲ್ಲಿ ‘ಥಗ್’ ಆದಮೇಲೆ ನೇರ 1878ರ ‘ಎ ನೋಬಲ್ ಕ್ವೀನ್’ಗೆ ಹೋಗಬಹುದು. ಹೆಸರಿಗೆ ಬಿಜಾಪುರದ ರಾಣಿ ಚಾಂದ್ ಬೀಬಿಯ ಕಥೆ. ಆದರೆ ಮನಸ್ಸಿನಲ್ಲಿ ಉಳಿಯುವುದು ರಾಯಚೂರು ದೋಆಬದ ನೆಲ, ಬೇಡರ ಪಾಳೆಯ, ಮುದಗಲ್ಲಿನ ಕ್ರೈಸ್ತರು, ಜಲದುರ್ಗದ ಕೋಟೆ. ಮೊದಲ ಪುಟಗಳಲ್ಲೇ ತುಂಬಿದ ಕೃಷ್ಣೆಯನ್ನು ಹರಗೋಲಿನಲ್ಲಿ ದಾಟುವ ಭಾಗವಿದೆ. ತೊಗಲಿನ ಬುಟ್ಟಿ ಸುಳಿಯಲ್ಲಿ ತಿರುಗುವುದನ್ನು ಎಷ್ಟೋ ಸಲ ಒಳಗೆ ಕೂತು ಅನುಭವಿಸಿದವನ ಬರಹ ಅದು. ಈಗ ಅಲ್ಲಿಂದ ಮೇಲಕ್ಕೆ ನಾರಾಯಣಪುರ ಅಣೆಕಟ್ಟಿದೆ. ಟೇಲರ್ ಬರೆದ ನೀರು ನೋಡಬೇಕೆಂದರೆ ಗೇಟು ಎತ್ತಿದ ದಿನವೇ ಜಲದುರ್ಗಕ್ಕೆ ಹೋಗಬೇಕು.